ಬಿಷಪರು ಕೈಯಿಟ್ಟ ಹತ್ತೊಂಬತ್ತನೆಯ ತಲೆ

ಮಾರ್ಚ್ ೮, ಭಾನುವಾರ, ಬೆಳಿಗ್ಗೆ ೧೧.೧೦ಕ್ಕೆ ಬರೆಯಲು ಕೂತೆ. ಸಿಂಗಾಪುರದ ಹೌಗಾಂಗ್‌ನ ನಮ್ಮ ಆಂಗ್ಲಿಕನ್ ಚರ್ಚಿನಲ್ಲಿ ಹಳೆಯ ಬಿಷಪರೊಬ್ಬರ ಕಾಗದಗಳನ್ನು ಜೋಡಿಸುತ್ತಿರುವ ಏಳನೆಯ ವಾರ ಇದು. ಉಳಿದ ದಿನಗಳಲ್ಲಿ ಕಂಪನಿ ಬಸ್ಸಿನಲ್ಲಿ ಜುರಾಂಗ್ ಐಲ್ಯಾಂಡಿಗೆ ಕೆಲಸಕ್ಕೆ ಹೋಗುತ್ತೇನೆ.

ಬಿಷಪರು ಬಿಳಿಯರು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಬಂದವರು. ಮದುವೆಯಾಗಲಿಲ್ಲ. ದ್ವೀಪಗಳಿಗೆ ಮೋಟಾರು ದೋಣಿಯಲ್ಲಿ ಹೋಗಬೇಕಿತ್ತು. ಸಮುದ್ರ ಅವರಿಗೆ ಒಗ್ಗುತ್ತಿರಲಿಲ್ಲ. ಡೈರಿಯಲ್ಲಿ ಹದಿನಾಲ್ಕು ಸಲ ‘ವಾಂತಿ’ ಎಂದಿದೆ. ಪಕ್ಕದಲ್ಲಿ ಆ ದಿನ ದೃಢೀಕರಣ ಪಡೆದ ಮಕ್ಕಳ ಸಂಖ್ಯೆ. ಪಾಠ ಕಲಿತ ಮಕ್ಕಳ ತಲೆಯ ಮೇಲೆ ಬಿಷಪರು ಕೈಯಿಟ್ಟು ಪ್ರಾರ್ಥಿಸುವುದೇ ದೃಢೀಕರಣ. ಜೀವಮಾನದಲ್ಲಿ ಒಂದೇ ಸಲ. ಆಮೇಲೆಯೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ.

ಮೂರನೆಯ ವಾರ, ಎಂಬತ್ತು ದಾಟಿದ ಆಂಟಿಯೊಬ್ಬರು ಆಫೀಸಿಗೆ ಬಂದರು. ಇಲ್ಲಿಯೇ ಹುಟ್ಟಿದವರು, ಮಾತು ಮಾತ್ರ ಉಡುಪಿ ಕಡೆಯದು. ಕರ್ತನ ಭೋಜನಕ್ಕೆ ಎಲ್ಲರೂ ಎದ್ದಾಗ ಬೆಂಚಿನಲ್ಲೇ ಉಳಿಯುವವರು. ಮಂಡಿನೋವು ಎಂದುಕೊಂಡಿದ್ದೆವು. ಚರ್ಚಿನ ಹಳೆಯ ದೃಢೀಕರಣ ರಿಜಿಸ್ಟರಿನಲ್ಲಿ ಒಂದು ದಿನದ ಹತ್ತೊಂಬತ್ತನೆಯ ಹೆಸರಿನ ಮೇಲೆ ಬೆರಳಿಟ್ಟರು.

“ಇದು ನನ್ನ ಅಕ್ಕ. ಮಂಡಿಯೂರಿದ್ದು ನಾನು.”

“ನೀವ್ಯಾಕೆ ಆಂಟಿ?”

“ಅಕ್ಕನಿಗೆ ಜ್ವರ. ಬಿಳಿ ಫ್ರಾಕ್ ಹೊಲಿಸಿ ಆಗಿತ್ತು. ಅಮ್ಮ ನನಗೇ ತೊಡಿಸಿ ಕಳಿಸಿದ್ಳು. ಬಿಷಪರಿಗೆ ಏನು ಗೊತ್ತಾಗ್ತದೆ, ಕರಿ ಮಕ್ಕಳು ಎಲ್ಲ ಒಂದೇ ತರ ಕಾಣ್ತವೆ ಅಂತ! ನನಗೆ ಒಂಬತ್ತು ವರ್ಷ, ಪಾಠ ಒಂದಕ್ಷರ ಬರ್ತಿರ್ಲಿಲ್ಲ.”

“ಗೊತ್ತಾಗ್ಲಿಲ್ವಾ?”

“ಪ್ರಾರ್ಥನೆಯಲ್ಲಿ ಹೆಸರು ಹೇಳ್ಲಿಕ್ಕೆ ಇಲ್ಲ ಮಾರಾಯ. ಆದ್ರೆ ಹೊರಗೆ ಬಂದು ಒಬ್ಬೊಬ್ಬರ ಹೆಸರು ಕೇಳಿದ್ರು. ಹೆದರಿ ನನ್ನದೇ ಹೇಳಿಬಿಟ್ಟೆ. ಪಟ್ಟಿ ನೋಡಿದ್ರು, ನನ್ನ ಮುಖ ನೋಡಿದ್ರು. ಸುಮ್ನೆ ಮುಂದೆ ಹೋದ್ರು.”

ಅಕ್ಕ ತೀರಿಕೊಂಡ ಮೇಲೆಯೇ ಇದನ್ನು ಹೇಳುವ ಧೈರ್ಯ ಬಂತಂತೆ. ಈಗಿನ ಬಿಷಪರಿಂದ ಕೈಯಿಡಿಸೋಣ ಎಂದರು ಸಭಾಪಾಲಕರು. ಆಂಟಿ ಒಪ್ಪಲಿಲ್ಲ.

“ಹಾಗಾದ್ರೆ ಅವತ್ತು ಇಟ್ಟ ಕೈ ಸುಳ್ಳಾ? ಅವರು ನನ್ನ ಲೆಕ್ಕಕ್ಕೆ ಹಿಡಿದ್ರಾ ಇಲ್ವಾ, ಅಷ್ಟು ಹುಡುಕು.”

ಇವತ್ತು ಡೈರಿಯ ಆ ಪುಟ ಸಿಕ್ಕಿತು. ರಿಜಿಸ್ಟರಿನಲ್ಲಿ ಹತ್ತೊಂಬತ್ತು ಹೆಸರು. ಬಿಷಪರು ಬರೆದದ್ದು ಹದಿನೆಂಟು. ಮೂರು ಸಲ ನೋಡಿದೆ. ತಿದ್ದಿದ ಗುರುತಿಲ್ಲ. ಆಂಟಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

“ಬರೆಯುವಾಗ ತಪ್ಪಿರ್ಬಹುದು, ಅಲ್ವಾ? ದೋಣಿಯಲ್ಲಿ ಬಂದವರು, ಪಾಪ.”

ಅವರು ಬಂದದ್ದು ಕಾರಿನಲ್ಲಿ ಎಂದು ಡೈರಿಯಲ್ಲಿತ್ತು. ನಾನು ಡೈರಿ ಮುಚ್ಚಿದೆ.

ಆ ದಿನ ಸಾಲಿನಲ್ಲಿ ಮಂಡಿಯೂರಿದ್ದ ಬೇರೆ ಯಾರಾದರೂ ಇದ್ದರೆ, ಅಥವಾ ಅವರ ಮನೆಯವರಿಗೆ ಏನಾದರೂ ನೆನಪಿದ್ದರೆ, ಚರ್ಚಿನ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಬಿಷಪರು ಆ ಮಗುವಿನ ಬಗ್ಗೆ ಯಾರ ಹತ್ತಿರವಾದರೂ ಒಂದು ಮಾತು ಆಡಿದ್ದರೇ ಎಂಬುದಷ್ಟೇ ಬೇಕು. ಬೇಗ ಬರೆದರೆ ಒಳ್ಳೆಯದು; ಆಂಟಿ ಇನ್ನೂ ಬೆಂಚಿನಲ್ಲೇ ಕೂರುತ್ತಿದ್ದಾರೆ.