ನಾಲ್ಕು ಬೆರಳಿನ ಸಂದಿ

ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದಾಗ ನನಗೆ ನಲವತ್ತೇಳು ವರ್ಷ. ಅವತ್ತೇ ಹಡಗಲಿಯಲ್ಲಿರುವ ಅವ್ವನಿಗೆ ಫೋನ್ ಮಾಡಿ, "ಬರೋ ಐತಾರ ಕಾರು ಹೊಡ್ಕೊಂಡು ನಾನ ಬರ್ತೀನಿ ಬೇ, ಒಬ್ಬಾಕಿನ" ಎಂದು ಹೇಳಿಬಿಟ್ಟೆ. ಆಮೇಲೆ ಮೂರು ಭಾನುವಾರ ಕಳೆದವು, ನಾನು ಮಾತ್ರ ಕೊಟ್ಟೂರು ಬಿಟ್ಟು ಕದಲಲಿಲ್ಲ. ಮೊದಲನೆಯ ವಾರ ನಮ್ಮ ಯಜಮಾನರಿಗೆ ಟೈರಿನ ಗಾಳಿಯ ಮೇಲೆ ಅನುಮಾನ. ಎರಡನೆಯ ವಾರ, ರೈತರು ರಸ್ತೆ ಮೇಲೆ ಮೆಕ್ಕೆಜೋಳ ಒಣಗಲು ಹಾಕಿದ್ದಾರೆ, ಗಾಲಿ ಜಾರುತ್ತದೆ ಎಂದರು. ಮೂರನೆಯ ವಾರ ಕಾರೇ ಅವರ ಪರ ನಿಂತಿತು. ಬಾನೆಟ್ಟಿನ ಒಳಗಿಂದ ಕಿರ್ರೋ ಎಂದು ಕೂಗಲು ಶುರುಮಾಡಿತು.

"ಬೆಲ್ಟು ತಿರುಗೋ ಗಾಲಿ, ಪುಲ್ಲಿ ಹೋಗೇತಿ. ಇಂಥಾ ಗಾಡಿ ನಿನ್ನ ಕೈಯಾಗ ಹೆಂಗ ಕೊಡ್ಲಿ?" ಎಂದರು. ಮುಖದಲ್ಲಿ ಚಿಂತೆ ಇತ್ತು, ಮೀಸೆಯ ಕೆಳಗೆ ಸಮಾಧಾನ ಇತ್ತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ಕಾಣದಿದ್ದರೆ ಹೇಗೆ?

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹೋದ್ರ ಹಾಕಿಸ್ರಿ. ಮುಂದಿನ ಐತಾರ ನಾ ಹೋಗಾಕಿನ" ಎಂದೆ. ಗ್ಯಾರೇಜಿಗೆ ಒಯ್ಯುತ್ತಾರೆ ಎಂದುಕೊಂಡಿದ್ದೆ. ಆದರೆ ಅವರು ಹೈಸ್ಕೂಲಿನ ಗಣಿತದ ಮಾಸ್ತರು. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು, ಹೊಸ ಪುಲ್ಲಿ ತಂದು, ಆ ಭಾನುವಾರ ಬೆಳಿಗ್ಗೆ ಹಳೇ ಪಂಚೆ ಉಟ್ಟು ಅಂಗಳಕ್ಕಿಳಿದರು. ಹಳೇ ಪುಲ್ಲಿ ಬಿಚ್ಚಿದ್ದು ಸುಳ್ಳಲ್ಲ. ಬೋಲ್ಟು ಬಿಚ್ಚುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿ ಒತ್ತಿದಾಗ ಅದು ಸಡಿಲವಾಯಿತು, ಕೊನೆಗೆ ಕಾರಿನ ಕೆಳಗೆ ಬಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ಕಷ್ಟ ಇದ್ದದ್ದು ಹೊಸದನ್ನು ಕೂಡಿಸುವುದರಲ್ಲಿ. ಎಂಜಿನ್ನಿಗೂ ಕಾರಿನ ಗೋಡೆಗೂ ನಡುವೆ ಇದ್ದ ಸಂದಿ ನಾಲ್ಕು ಬೆರಳಿನಷ್ಟು. ಬೋಲ್ಟು ಹತ್ತಬೇಕಾದ ತೂತು ಅದರ ಕೆಳಗೆ, ಪುಲ್ಲಿಯ ಮರೆಯಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಎಟಕುವುದಿಲ್ಲ. ಮೊದಲ ಎರಡು ಸುತ್ತು ಬೆರಳಿನಲ್ಲೇ ತಿರುಗಿಸಬೇಕಂತೆ. ಪಾನಾ ಹಾಕಿ ಒತ್ತಿದರೆ ಓರೆಯಾಗಿ ಹತ್ತಿ ತಿರುಪಿನ ಥ್ರೆಡ್ ಹಾಳಾಗುತ್ತದಂತೆ. ಇವರು ಪಾನಾದ ಬಾಯಿಗೆ ಬೋಲ್ಟು ಅಂಟಿಸಿ ಇಳಿಬಿಡುವ ಉಪಾಯ ಹೂಡಿದರು. ಅಂಟಿಸಲು ಸಿಕ್ಕಿದ್ದು ನಾನು ರೊಟ್ಟಿಗೆ ನಾದಿಟ್ಟಿದ್ದ ಹಿಟ್ಟು. ಜೋಳದ ಹಿಟ್ಟಿಗೆ ಜಿಗಿ ಎಲ್ಲಿಂದ ಬರಬೇಕು? ಇಳಿಬಿಟ್ಟ ಕೂಡಲೇ ಉದುರುತ್ತಿತ್ತು. ಬೋಲ್ಟು ಕೆಳಗೆ, ಅದರ ಹಿಂದೆ ಮಾಸ್ತರೂ ಕೆಳಗೆ. ಹೀಗೆ ಆರು ಸಲ ನಮ್ಮ ಯಜಮಾನರು ಕಾರಿಗೆ ಉದ್ದಕ್ಕೆ ಮಲಗಿ ದೀಡ ನಮಸ್ಕಾರ ಹಾಕಿದರು.

"ಮೈದಾ ಐತೇನು?" ಎಂದು ಕೆಳಗಿನಿಂದಲೇ ಕೇಳಿದರು.

"ಐತಿ. ಕಾರಿಗೆ ಹೋಳಿಗಿ ಮಾಡಿ ಬಡಸ್ಲೇನು?"

ಆ ಮಾತಿಗೆ ರೋಷ ಬಂದಿರಬೇಕು. ಎದ್ದು ಬಂದವರೇ ಬರಿಗೈಯನ್ನು ಸಂದಿಯೊಳಗೆ ತೂರಿಸಿದರು. ಮಣಿಕಟ್ಟಿನವರೆಗೆ ಹೋಯಿತು. ಅಲ್ಲಿಂದ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಸ್ವಲ್ಪ ಹೊತ್ತು ಏನೂ ಆಗಿಲ್ಲ ಎನ್ನುವಂತೆ ಆಕಾಶ ನೋಡಿದರು. ಆಮೇಲೆ ಮೆಲ್ಲಗೆ, "ಲೇ, ಕೈ ಸಿಕ್ಕೊಂಡೈತಿ" ಎಂದರು.

ನಗು ಬಂತು, ಆಮೇಲೆ ಹೆದರಿಕೆಯಾಯಿತು. ಎಳೆದಷ್ಟೂ ಕೈ ಬಾಯುತ್ತಿತ್ತು. ಎಣ್ಣೆ ಸುರಿದೆ, ಕೈ ಬರಲಿಲ್ಲ. ಪಕ್ಕದ ಮನೆಯ ಬಳೆಗಾರ್ತಿಯನ್ನು ಕೂಗಿ ಕರೆದೆ. ಊರಿನ ಎಷ್ಟೋ ಮದುವಣಗಿತ್ತಿಯರ ಕೈಗೆ ಬಳೆ ತೊಡಿಸಿದ ಹೆಂಗಸು ಅವಳು. ಬಂದು, ಬಗ್ಗಿ, ಮಾಸ್ತರ ಕೈಯನ್ನು ನೋಡಿ, "ಬಳಿ ಲೆಕ್ಕದಾಗ ಎರಡು ಹತ್ತಾಣೆ ಅಳತಿ, ದೊಡ್ಡ ಕೈ. ಎಳಿಬ್ಯಾಡ್ರಿ, ಗಂಟು ಬಾಯ್ತಾವು" ಎಂದಳು. ಸೋಪಿನ ನೊರೆ ಹಚ್ಚಿದಳು.

"ಹೆಬ್ಬಳ್ಳು ಅಂಗೈಯಾಗ ಮಡಚ್ರಿ ಮಾಸ್ತರ್ರ. ಬಿಗಿ ಹಿಡಿಬ್ಯಾಡ್ರಿ. ಹದಿನೇಳರ ಮಗ್ಗಿ ಹೇಳ್ರಿ ನೋಡೂಣು."

"ಮಗ್ಗಿ ಯಾಕ?"

"ಹೇಳ್ರಿ ಅಂದ್ರ ಹೇಳ್ರಿ."

"ಹದಿನೇಳೊಂದಲಿ ಹದಿನೇಳು, ಹದಿನೇಳೆರಡಲಿ ಮೂವತ್ನಾಕು…" ನಮ್ಮ ಮಾಸ್ತರು ಇಡೀ ಓಣಿಗೆ ಕೇಳುವಂತೆ ಹೇಳತೊಡಗಿದರು. ಹದಿನೇಳೆಂಟಲಿ ಎಂದು ಒಂದು ಗಳಿಗೆ ತಡವರಿಸಿದಾಗ ಅವಳು ಮಣಿಕಟ್ಟು ಹಿಡಿದು ತುಸು ತಿರುವಿದಳು. ಕೈ ಸರಕ್ಕನೆ ಹೊರಬಂತು. ಅವರು ನೂರಾ ಮೂವತ್ತಾರು ಎಂದು ಮುಗಿಸಿಯೇ ಕೈ ನೋಡಿಕೊಂಡದ್ದು.

"ಬಳಿ ಇಡುವಾಗ ಹೊಸ ಸೊಸೆಂದ್ರೂ ಅಳ್ತಾರ್ರಿ, ಮಾತಿಗೆ ಹಚ್ಚಿದ್ರ ಕೈ ತಾನಾ ಮೆತ್ತಗಾಗ್ತಾವು" ಎಂದು ಬಳೆಗಾರ್ತಿ ಸೆರಗಿಗೆ ಕೈ ಒರೆಸಿಕೊಂಡಳು.

ನನಗೆ ಧೈರ್ಯ ಬಂದದ್ದು ಆಗಲೇ. "ನನ್ನ ಕೈ ಹೋಗ್ತೈತೇನು ನೋಡು" ಎಂದೆ. ನನ್ನದು ಅವ್ವನ ಕಡೆಯ ಸಣ್ಣ ಕೈ. ಬಳೆ ತೆಗೆಯುತ್ತೇನೆ ಎಂದಾಗ ಬಳೆಗಾರ್ತಿ ಕಣ್ಣು ದೊಡ್ಡದು ಮಾಡಿದಳು. "ಮಾಸ್ತರು ಮುಂದ ನಿಂತಾರ, ಬರಿಗೈ ಮಾಡ್ಕೊಂತೀರೇನು?" ಎಂದು ಬೈದು, ಬಳೆಗಳನ್ನೆಲ್ಲ ಮೊಳಕೈವರೆಗೆ ಏರಿಸಿ ಕರ್ಚೀಫಿನಿಂದ ಕಟ್ಟಿದಳು. ಹೆಬ್ಬೆರಳು ಮಡಚಿ, ಸೋಪು ಹಚ್ಚಿಕೊಂಡು, ಎರಡು ಬೆರಳ ತುದಿಯಲ್ಲಿ ಬೋಲ್ಟು ಹಿಡಿದು ಕೈ ಇಳಿಸಿದೆ. ಹೋಯಿತು.

ಯಜಮಾನರು ಟಾರ್ಚು ಹಿಡಿದು, "ಎಡಕ್ಕ, ಅಲ್ಲ ಬಲಕ್ಕ, ನೋಡು, ಸರಿಯಾಗಿ ನೋಡು" ಎನ್ನುತ್ತಿದ್ದರು. ನೋಡುವುದೇನು ಮಣ್ಣು! ಹಡಗಲಿಯಲ್ಲಿ ಮಲ್ಲಿಗೆ ಕಟ್ಟಿ ಬೆಳೆದವರು ನಾವು. ಅವ್ವನ ಮುಂದೆ ಕೂತು ಕಟ್ಟುವಾಗ ಹೂವಿನ ಕಡೆ ಕಣ್ಣು ಹೊರಳಿಸಿದರೆ, "ಬೆರಳಿಗೆ ಕುರುಡು ಬಂದೈತೇನು?" ಎಂದು ಬೈಸಿಕೊಳ್ಳುತ್ತಿದ್ದೆವು. ಟಾರ್ಚು ಆರಿಸಿರೆಂದು ಹೇಳಿ ಕಣ್ಣು ಮುಚ್ಚಿಕೊಂಡೆ. ತೂತಿನ ಅಂಚು ಸಿಕ್ಕಿತು. ಆಗ ಅವರು ಒಂದು ಒಳ್ಳೆಯ ಮಾತು ಹೇಳಿದರು, ಅದನ್ನು ಮುಚ್ಚಿಡುವುದು ತಪ್ಪು. "ಮೊದಲ ಉಲ್ಟಾ ತಿರುಗ್ಸು, ಟಕ್ ಅಂತ ಕುಂತ ಮ್ಯಾಲ ಸೀದಾ ತಿರುಗ್ಸು." ಹಾಗೇ ಮಾಡಿದೆ. ಟಕ್ ಎಂದಿತು. ಸೀದಾ ಎರಡು ಸುತ್ತು, ಮೂರು ಸುತ್ತು, ಬೆಣ್ಣೆಯಂತೆ ಹತ್ತಿತು. ಉಳಿದದ್ದನ್ನು ಅವರು ಪಾನಾ ಹಾಕಿ ಬಿಗಿ ಮಾಡಿದರು, ಬೆಲ್ಟು ಏರಿಸಿದರು. ಕಾರು ಚಾಲೂ ಮಾಡಿದಾಗ ಕಿರ್ರೋ ಇಲ್ಲ, ಏನೂ ಇಲ್ಲ.

ನಾನು ಕುಣಿಯುವುದೊಂದು ಬಾಕಿ. ಅವರು ಮಾತ್ರ ಬಾತ ಕೈಯನ್ನು ನೀವಿಕೊಳ್ಳುತ್ತಾ, "ಗಾಳಿ ಜೋರೈತಿ ಇವತ್ತು" ಎಂದರು.

"ರೀ, ಖರೇ ಹೇಳ್ರಿ. ನಿಮ್ಮ ಚಿಂತಿ ಕಾರಿಂದೇನು, ಇಲ್ಲಾ ಬ್ಯಾರೆ ಏನರ ಐತೇನು?"

ಅವರು ಪಾನಾಗಳನ್ನು ಚೀಲಕ್ಕೆ ತುಂಬಿದರು. ಎಲ್ಲ ಮುಗಿದ ಮೇಲೆ ಹೇಳಿದರು: "ಇಷ್ಟು ವರ್ಷ ನಿನ್ನ ತೌರಿಗೆ ನಾನ ಕರ್ಕೊಂಡ್ ಹೋಗೀನಿ. ಸೈಕಲ್ ಮ್ಯಾಲ, ಬಸ್ಸಿನ್ಯಾಗ, ಮೋಟಾರ್ ಸೈಕಲ್ ಮ್ಯಾಲ. ಇನ್ನ ನನ್ನ ಕೆಲ್ಸ ಏನು?"

ಸಿಟ್ಟೆಲ್ಲ ಇಳಿದುಹೋಯಿತು. ನೀವೂ ಹತ್ತಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಹೊರಗೆ ಬಿದ್ದರೆ ನಾನು ಎಂದೂ ಒಬ್ಬಳೇ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನುಂಗಿಕೊಂಡೆ. "ರೊಟ್ಟಿ ಹಿಟ್ಟು ನೀವ ಹಾಳು ಮಾಡೀರಿ, ಮಧ್ಯಾಹ್ನ ಅನ್ನ ಮಾಡ್ಕೊರಿ. ಸಂಜಿಗೆ ಬರ್ತೀನಿ" ಎಂದು ಸ್ಟೇರಿಂಗ್ ಹಿಡಿದೆ.

ಕೋಗಳಿ ದಾಟುವವರೆಗೂ ಮೈಯೆಲ್ಲ ಬೆವರು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಬಸ್ಸಿನ ಹಿಂದೆ ಕಾರು ಬಂದ್ ಬಿತ್ತು, ಹಿಂದಿದ್ದ ಲಾರಿಯವನು ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡ. ನಾನೂ ಕಿಟಕಿ ಇಳಿಸಿ ಅವನ ವಂಶವನ್ನು ವಿಚಾರಿಸಿದೆ. ಅಲ್ಲಿಂದ ಮುಂದೆ ಹೆದರಿಕೆ ಬಿಟ್ಟುಹೋಯಿತು.

ಅವ್ವ ಬಾಗಿಲಲ್ಲೇ ನಿಂತಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ಇಣುಕಿ ನೋಡಿ, "ಯಾರು ತಂದು ಬಿಟ್ರವ್ವ?" ಎಂದಳು.

"ಯಾರೂ ಇಲ್ಲ ಬೇ. ನಾನ ಬಂದೀನಿ."

ಅವ್ವ ಕಾರನ್ನು ಒಂದು ಸುತ್ತು ಹಾಕಿದಳು. ನನ್ನ ಕರ್ರಗಾದ ಬೆರಳುಗಳನ್ನು ನೋಡಿದಳು. ಗುಡಿಗೆ ಹೋಗುವವಳಂತೆ ಚಪ್ಪಲಿಯನ್ನು ಬಾಗಿಲ ಹತ್ತಿರವೇ ಬಿಟ್ಟು, ಮುಂದಿನ ಸೀಟಿಗೆ ಹತ್ತಿ ಕೂತಳು.

"ಎಲ್ಲಿಗೆ ಹೋಗೂಣು ಬೇ?"

ಅವ್ವ ತಿರುಗಿ ನನ್ನ ಮುಖವನ್ನೇ ನೋಡಿದಳು. ಎಪ್ಪತ್ತು ದಾಟಿದ ಆ ಹೆಂಗಸಿಗೆ ಎಲ್ಲಿಗೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಹತ್ತು ಎಂದವರ ಗಾಡಿ ಹತ್ತಿದ್ದಳು, ಇಳಿ ಎಂದಲ್ಲಿ ಇಳಿದಿದ್ದಳು.

"ಮೈಲಾರದ ಕಡಿ ಹೊಡಿ" ಎಂದಳು. "ಗುಡಿಗೆ ಬ್ಯಾಡ. ಬರೇ ಹೊಳಿ ನೋಡ್ಕೊಂಡು ಬರೂಣು."