ಆರು ತಿಂಗಳು ಬಾಳಿಕೆ ಬರುವ ಟಿಪ್

ನನ್ನ ಕೆಲಸ ಮಾತ್ರೆ ಒಡೆಯುವುದು. ವಿಶಾಖಪಟ್ಟಣದ ಹತ್ತಿರ ಪರವಾಡದ ಔಷಧ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಯಂತ್ರದ ಎರಡು ದವಡೆಗಳ ನಡುವೆ ಮಾತ್ರೆ ಇಟ್ಟು ಗುಂಡಿ ಒತ್ತಿದರೆ ಅದು ಟಕ್ ಅಂತ ಒಡೆಯುತ್ತದೆ, ಪರದೆಯ ಮೇಲೆ ಅದರ ಗಡಸುತನದ ಅಂಕಿ ಬರುತ್ತದೆ. "ನಿಮ್ಮಮ್ಮನ ಕೈಗೆ ಏನು ಕೊಟ್ರೂ ಮೊದಲು ಹಿಸುಕಿ ನೋಡ್ತಾಳೆ" ಅಂತ ನಮ್ಮ ಯಜಮಾನರು ಮಗಳ ಹತ್ತಿರ ಆಡಿಕೊಳ್ಳುವುದುಂಟು. ಸುಳ್ಳೇನಲ್ಲ. ತುಮಕೂರಿನ ನಮ್ಮ ತವರಿನಲ್ಲೂ ಯಾವ ಸಾಮಾನು ತಂದರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಬಾಳಿಕೆ ಬರುತ್ತಾ?" ಚಂದ ಇದೆಯಾ ಅಂತ ಯಾರೂ ಕೇಳಿದ್ದು ನೆನಪಿಲ್ಲ. ನಾನೂ ಹಾಗೇ ಬೆಳೆದೆ. ಆ ಬುದ್ಧಿಯೇ ಆ ಶನಿವಾರ, ಭಾನುವಾರ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು.

ಮಗಳು ಪೂಲ್ ಆಡುತ್ತಾಳೆ. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಪಾಕೆಟ್‌ಗೆ ಬೀಳಿಸುವ ಆಟ. ವಿಶಾಖಪಟ್ಟಣದಲ್ಲಿ ನಮ್ಮ ಮನೆಗೆ ಎರಡು ಬಸ್ ಸ್ಟಾಪ್ ದೂರದಲ್ಲಿ ಒಂದು ಪೂಲ್ ಹಾಲ್ ಇದೆ, ಹದಿನಾಲ್ಕನೇ ವಯಸ್ಸಿಗೆ ಗೆಳತಿಯ ಜೊತೆ ಹೋದವಳು ಅಲ್ಲೇ ಅಂಟಿಕೊಂಡಳು. ಈಗ ಹತ್ತೊಂಬತ್ತು, ಬಿ.ಕಾಂ. ಎರಡನೇ ವರ್ಷ. ಆಟ ನನಗೆ ಬೇಡವಾಗಿತ್ತು ಅಂತಲ್ಲ, ಓದು ಹಿಂದೆ ಬೀಳುತ್ತಿತ್ತು. ಯಜಮಾನರು ಬ್ಯಾಂಕಿನವರು, ವರ್ಗವಾಗಿ ವಿಜಯವಾಡದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಫೋನಿನಲ್ಲಿ ಅವರು ಬುದ್ಧಿ ಹೇಳುವರು, ಎದುರಿಗೆ ನಾನು ಜಗಳ ಆಡುವವಳು. ಕೊನೆಗೆ ನಾನೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ: "ಈ ಸಲ ವಿಜಯವಾಡದಲ್ಲಿ ರಾಜ್ಯ ತಂಡಕ್ಕೆ ಆಯ್ಕೆ ಆದ್ರೆ ಆಡು. ಇಲ್ಲಾಂದ್ರೆ ಕೋಲು ಅಟ್ಟಕ್ಕೆ." ಅವಳು "ಸರೇ" ಅಂದಳು. ಒಪ್ಪಿದಾಗ, ಸಿಟ್ಟು ಬಂದಾಗ, ನಿದ್ದೆಗಣ್ಣಿನಲ್ಲಿ ಅವಳಿಗೆ ಬರುವುದು ತೆಲುಗೇ.

ಆಯ್ಕೆಯ ವಾರ ಅವಳ ಕೋಲಿನ ಟಿಪ್ ಸತ್ತಿತು. ಕೋಲಿನ ತುದಿಗೆ ಅಂಟಿಸುವ ಚರ್ಮದ ಬಿಲ್ಲೆಗೆ ಟಿಪ್ ಅನ್ನುತ್ತಾರೆ. ಅಂಗಿ ಗುಂಡಿಯಷ್ಟೂ ಇರುವುದಿಲ್ಲ, ಆದರೆ ಚೆಂಡಿಗೆ ತಗಲುವುದು ಅದೊಂದೇ. ಅವಳದು ಹೊಡೆದು ಹೊಡೆದು ಚಪ್ಪಟೆಯಾಗಿ ಅಣಬೆಯ ಹಾಗೆ ಅಂಚು ಬಿಟ್ಟುಕೊಂಡಿತ್ತು. ಕಾಲೇಜಿನಲ್ಲಿ ಟೆಸ್ಟ್ ಇದ್ದದ್ದರಿಂದ ಕೋಲನ್ನು ಚೀಲದ ಸಮೇತ ನನ್ನ ಕೈಗೆ ಕೊಟ್ಟಳು. "ಅಮ್ಮಾ, ಇದ್ದಿದ್ದೇ ಹಾಕಿಸು. ಮೀಡಿಯಂ. ಮರೀಬೇಡ, ಸರೇನಾ?"

ನಾನು ಮರೆಯಲಿಲ್ಲ, ಅದೇ ದುರಂತ. ಗುರುವಾರ ಕಂಪನಿ ಬಸ್ ಇಳಿದು ನೇರ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದವರು, ಮಗಳ ಕೋಲನ್ನು ನೋಡಿಯೇ ಗುರುತು ಹಿಡಿದರು. ಡಬ್ಬಿಯಿಂದ ಮೂರು ಟಿಪ್ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಮೆತ್ತಗಿನದು, ಒಂದು ನಡುವಿನದು, ಒಂದು ಗಟ್ಟಿ. "ಏದಿ ವೇಯಾಲಮ್ಮಾ?" ಯಾವುದು ಹಾಕಲಿ ಅಂತ ಸುಮ್ಮನೆ ಕೇಳಿದ್ದಷ್ಟೇ. ನನ್ನ ಬೆರಳು ಸುಮ್ಮನಿರಬೇಕಲ್ಲ! ಒಂದೊಂದಕ್ಕೂ ಉಗುರು ಒತ್ತಿ ನೋಡಿದೆ. ಮೊದಲ ಎರಡರಲ್ಲೂ ಉಗುರಿನ ಗುರುತು ಬಿತ್ತು. ಮೂರನೆಯದು ಜಪ್ಪಯ್ಯ ಅನ್ನಲಿಲ್ಲ. ಇದು ಎಷ್ಟು ದಿನ ಬರುತ್ತದೆ ಅಂತ ಕೇಳಿದೆ.

"ಆರು ತಿಂಗಳಿಗೆ ಮೋಸವಿಲ್ಲ" ಅಂದರು ತೆಲುಗಿನಲ್ಲಿ. "ಆದರೆ ಹುಡುಗಿಗೆ ಅಭ್ಯಾಸವಿಲ್ಲವಲ್ಲಮ್ಮಾ."

"ಅಭ್ಯಾಸ ಆಗುತ್ತೆ ಬಿಡಿ" ಅಂದೆ. ಎರಡು ತಿಂಗಳಿಗೊಮ್ಮೆ ಈ ಅಂಗಡಿಗೆ ಅಲೆಯುವ ಗೋಳು ತಪ್ಪಿತಲ್ಲ ಅಂತ ಖುಷಿಯೇ ಆಗಿತ್ತು. ಶುಕ್ರವಾರ ಸಂಜೆ ಕೋಲು ಬಂತು. ಆಡುವ ಹಿಂದಿನ ದಿನಗಳಲ್ಲಿ ಅವಳು ಕೋಲು ಮುಟ್ಟುವುದಿಲ್ಲ, ಅದೊಂದು ಅವಳ ನೇಮ. ಚೀಲದ ಜಿಪ್ ಕೂಡ ತೆಗೆಯದೆ ಬಾಗಿಲ ಹಿಂದೆ ಒರಗಿಸಿದಳು. "ಇದ್ದಿದ್ದೇ ತಾನೆ?" ಅಂತ ಕೇಳಿದಳು. "ಹೂಂ, ಒಳ್ಳೇದೇ ಹಾಕಿಸಿದೀನಿ" ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಶನಿವಾರ ಬೆಳಿಗ್ಗೆ ರೈಲು. ತುನಿ ದಾಟುವವರೆಗೂ ಆರಾಮಾಗಿದ್ದೆ, ಚಪಾತಿ ಪಲ್ಯ ತಿಂದೆವು. ಆಮೇಲೆ ಕಿಟಕಿಯಾಚೆ ನೋಡುತ್ತಾ ಕೂತಾಗ ಯಾಕೋ ಕಾರ್ಖಾನೆಯ ಒಂದು ಹಳೆಯ ಬ್ಯಾಚು ನೆನಪಾಯಿತು. ಮಾತ್ರೆಗಳು ಅಂದರೆ ಮಾತ್ರೆಗಳು, ಒಂದೂ ಚೂರಾಗಿರಲಿಲ್ಲ, ನನ್ನ ಯಂತ್ರದಲ್ಲಿ ಅಂಕಿ ಮೇಲೆ ಮೇಲೆ ಬಂದಿತ್ತು. ನಾನು ಹೊಗಳಿದ್ದೇ ಹೊಗಳಿದ್ದು. ಪಕ್ಕದ ಮೇಜಿನಲ್ಲಿ ಅದನ್ನು ಬಿಸಿನೀರಿನ ಗಾಜಿನ ಕೊಳವೆಗೆ ಹಾಕಿದರೆ ಕರಗಲೇ ಇಲ್ಲ. ಹೊಟ್ಟೆಗೆ ಹೋದರೂ ಕಲ್ಲಿನ ಹಾಗೆ ಹಾಗೇ ಕೂರುವ ಮಾತ್ರೆ. ಇಡೀ ಬ್ಯಾಚು ತಿರಸ್ಕಾರವಾಯಿತು. "ಗಟ್ಟಿ ಆದ್ರೆ ಸಾಕಾ, ಕೆಲಸ ಮಾಡಬೇಡವಾ?" ಅಂತ ಹೊಸದಾಗಿ ಸೇರಿದ ಹುಡುಗಿಯರಿಗೆ ಈ ಕಥೆ ಹೇಳಿ ಪಾಠ ಮಾಡುವವಳು ನಾನೇ!

ಕೋಲಿನ ಟಿಪ್ಪಿಗೂ ಇದೇ ಗತಿಯಾದರೆ? ಮಗಳು ಎದುರಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಬೆರಳುಗಳನ್ನು ಸೇತುವೆಯ ಹಾಗೆ ಬಾಗಿಸಿ, ಗಾಳಿಯಲ್ಲೇ ಕೋಲು ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಎದ್ದು ಬೋಗಿಯ ಕೈತೊಳೆಯುವ ಜಾಗಕ್ಕೆ ಹೋಗಿ ಅಂಗಡಿಯವರಿಗೆ ಫೋನ್ ಮಾಡಿದೆ. ರೈಲಿನ ಸದ್ದಿನಲ್ಲಿ ಕೂಗಿ ಕೂಗಿ ಕೇಳಿದೆ. ಅವರು ನಿಧಾನವಾಗಿ ಹೇಳಿದರು: ಗಟ್ಟಿ ಟಿಪ್ ಆಕಾರ ಕೆಡುವುದಿಲ್ಲ, ನಿಜ. ಆದರೆ ಅದಕ್ಕೆ ಚಾಕ್ ಪುಡಿ ಸರಿಯಾಗಿ ಹಿಡಿಯುವುದಿಲ್ಲ. ಚೆಂಡಿನ ಪಕ್ಕಕ್ಕೆ ಹೊಡೆದಾಗ ಜಾರಿಬಿಡುತ್ತದೆ. ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ ಒರಟು ಮಾಡಿಕೊಳ್ಳಬೇಕು, ಪ್ರತಿ ಹೊಡೆತಕ್ಕೂ ಚಾಕ್ ಹಚ್ಚಬೇಕು. "ಮಗಳಿಗೆ ಹೇಳಮ್ಮಾ, ಅವಳಿಗೆ ಗೊತ್ತಾಗುತ್ತೆ" ಅಂದರು.

ಹೇಳುವುದಕ್ಕೆ ಏನು ಧಾಡಿಯಾಗಿತ್ತು ನನಗೆ? ಸೀಟಿಗೆ ಬಂದೆ, ಬಾಯಿ ತೆರೆದೆ. ಅವಳು ಕಣ್ಣು ಬಿಟ್ಟು "ಅಮ್ಮಾ, ಈ ಸಲ ಆಗುತ್ತೆ ಅನಿಸ್ತಿದೆ" ಅಂದಳು. ನಾನು "ನೀರು ಬೇಕಾ?" ಅಂತ ಕೇಳಿದೆ. ರಾಜಮಂಡ್ರಿಯ ಸೇತುವೆಯ ಮೇಲೆ ಎಲ್ಲರೂ ಗೋದಾವರಿಗೆ ಕೈ ಮುಗಿದರು. ನಾನು ಮುಗಿದದ್ದು ಆ ಚರ್ಮದ ಬಿಲ್ಲೆಗೆ. ಏಲೂರು ಬಂತು, ಹೋಯಿತು.

ವಿಜಯವಾಡ ಸ್ಟೇಷನ್ನಿಗೆ ಯಜಮಾನರು ಬಂದಿದ್ದರು. ಮಗಳನ್ನು ಮುಂದೆ ಬಿಟ್ಟು, ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮುಂದೆ ಅವರನ್ನು ನಿಲ್ಲಿಸಿದೆ. "ರೀ, ಒಂದು ಉಪ್ಪುಕಾಗದ ತಗೊಳ್ಳಿ."

"ಉಪ್ಪುಕಾಗದ ಯಾಕೆ? ಏನು ಉಜ್ಜೋದಿದೆ?"

"ಏನೂ ಇಲ್ಲಪ್ಪ! ಬಾಗಿಲು ಹಿಡಿಯುತ್ತೆ ಅಂದಿದ್ರಲ್ಲ, ಅದಕ್ಕೆ. ಕೇಳಿದ್ರೆ ತಪ್ಪಾ?"

"ಬಾಗಿಲು ಹಿಡಿದಿದ್ದು ಹೋದ ಮಳೆಗಾಲದಲ್ಲಿ ಕಣೇ. ನಾನೇನಂದೆ ಅಂತ ಹೀಗೆ ಮೈಮೇಲೆ ಬರ್ತೀಯ?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಅನ್ನುತ್ತಾರಲ್ಲ, ಹಾಗೆ. ಕಾಗದವನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ ಕೋಲಿನ ಚೀಲ ಅವಳ ಹಾಸಿಗೆಯ ಪಕ್ಕದಲ್ಲೇ ಇತ್ತು. ಕದ್ದು ತೆಗೆದು ಉಜ್ಜಲು ಧೈರ್ಯ ಸಾಲಲಿಲ್ಲ. ಎಷ್ಟು ಉಜ್ಜಬೇಕು, ಯಾವ ಕಡೆಗೆ ಉಜ್ಜಬೇಕು, ನನಗೇನು ಗೊತ್ತು? ಮೊದಲೇ ಒಂದು ಘನಕಾರ್ಯ ಮಾಡಿಯಾಗಿತ್ತು.

ಭಾನುವಾರ ಹತ್ತು ಗಂಟೆಗೆ ಆಯ್ಕೆ ಪಂದ್ಯ. ಹಾಲಿನಲ್ಲಿ ನಾಲ್ಕು ಮೇಜು, ಗೋಡೆಗೆ ಒರಗಿ ಮನೆಯವರಿಗೆ ಕುರ್ಚಿ. ಮೊದಲು ಐದು ಆಟ ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಮಂಗಳಗಿರಿ ಸೀರೆ ಉಟ್ಟು ಹೋಗಿದ್ದೆ. ಸೆರಗಿನ ಗಂಜಿ ಮುರಿಯುವಷ್ಟು ಅದನ್ನು ಬೆರಳಿಗೆ ಸುತ್ತುತ್ತಿದ್ದೆ. ಐದು ನಿಮಿಷ ಕೈ ಬಿಸಿ ಮಾಡಿಕೊಳ್ಳಲು ಬಿಟ್ಟರು. ನೇರ ಹೊಡೆತಗಳೆಲ್ಲ ಸರಿಯಾಗೇ ಹೋದವು. ಆದರೆ ಸದ್ದು ಬೇರೆ, ಮೊದಲಿನ ಹಾಗೆ ದಪ್ ಅನ್ನದೆ ಠಕ್ ಅನ್ನುತ್ತಿತ್ತು. ಅವಳು ನನ್ನ ಹತ್ತಿರ ಬಂದು, "ಯಾಕೋ ಗಟ್ಟಿ ಅನಿಸ್ತಿದೆ ಅಮ್ಮಾ" ಅಂದಳು.

"ಹೊಸದಲ್ವಾ, ಕೂರುತ್ತೆ" ಅಂದೆ. ಅಯ್ಯೋ, ನನ್ನ ನಾಲಿಗೆ ಸೇದಿಹೋಗಬಾರದಿತ್ತೆ!

ಮೊದಲ ಆಟದಲ್ಲಿ ಅವಳೇ ಮುಂದಿದ್ದಳು. ಎರಡೇ ಚೆಂಡು ಉಳಿದಿದ್ದವು. ಬಿಳಿ ಚೆಂಡಿನ ಪಕ್ಕಕ್ಕೆ ಹೊಡೆದು ಅದನ್ನು ತಿರುಗಿಸಿ ತರಬೇಕಾಗಿತ್ತು. ಕೋಲು ಮುಂದೆ ಹೋಯಿತು, ಕ್ರಕ್ ಅಂತ ಒಂದು ಹಾಳು ಸದ್ದು, ಟಿಪ್ ಜಾರಿ ಬಿಳಿ ಚೆಂಡು ಎಲ್ಲೋ ಉರುಳಿತು. ಎದುರಾಳಿ ಹುಡುಗಿ ಬಂದು ಮೇಜು ಖಾಲಿ ಮಾಡಿದಳು. ಎರಡನೇ ಆಟದಲ್ಲೂ ಅದೇ ಜಾರು, ಅದೇ ಸದ್ದು. ಆ ಎರಡು ಆಟ ಸೋತವಳು ನಾನು, ಅವಳಲ್ಲ.

ಮಗಳು ಟಿಪ್ಪನ್ನು ಬೆಳಕಿಗೆ ಹಿಡಿದು ಉಗುರು ಒತ್ತಿದಳು. ಥೇಟ್ ನನ್ನ ಹಾಗೇ. ಆಮೇಲೆ ನೇರ ನನ್ನ ಕಡೆ ನೋಡಿದಳು. ತೀರ್ಪುಗಾರರ ಹತ್ತಿರ ಐದು ನಿಮಿಷ ಕೇಳಿಕೊಂಡು ನನ್ನ ಕುರ್ಚಿಯ ಮುಂದೆ ಬಂದು ನಿಂತಳು.

"ಯಾವುದು ಹಾಕಿಸ್ದೆ?"

"ಗಟ್ಟಿದು." ಕೈಚೀಲಕ್ಕೆ ಕೈ ಹಾಕಿ ಉಪ್ಪುಕಾಗದ ತೆಗೆದು ಕೊಟ್ಟೆ. "ಇದ್ರಲ್ಲಿ ಉಜ್ಜಬೇಕಂತೆ. ಪ್ರತಿ ಸಲ ಚಾಕ್ ಹಚ್ಚಬೇಕಂತೆ."

ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು. "ಅಂದ್ರೆ ನಿಂಗೆ ಮೊದಲೇ ಗೊತ್ತಿತ್ತು. ಎಂದುಕಮ್ಮಾ ಇಲಾ ಚೇಶಾವ್? ಯಾಕೆ ಹೀಗೆ ಮಾಡ್ದೆ?"

"ಆರು ತಿಂಗಳು ಬರುತ್ತೆ ಅಂದ್ರು ಕಣೇ. ಬಾಳಿಕೆ ಬರುತ್ತಲ್ಲ ಅಂತ..." ಪಕ್ಕದಲ್ಲಿದ್ದ ಯಜಮಾನರು ಉಪ್ಪುಕಾಗದ ನೋಡಿ ತಲೆಯಾಡಿಸಿದರು.

ಅವಳು ಕಿರುಚುತ್ತಾಳೆ ಅಂದುಕೊಂಡಿದ್ದೆ. ಕಿರುಚಲಿಲ್ಲ. ಟಿಪ್ ಉಜ್ಜುತ್ತಾ ತಗ್ಗಿದ ದನಿಯಲ್ಲಿ ಕೇಳಿದಳು: "ಇವತ್ತು ಸೋತ್ರೆ ಕೋಲು ಅಟ್ಟಕ್ಕೆ ಅಂದೋಳು ನೀನೇ. ಅಟ್ಟದಲ್ಲಿ ಇಡೋ ಕೋಲಿಗೆ ಆರು ತಿಂಗಳ ಟಿಪ್ ಯಾಕೆ ಹಾಕಿಸ್ದೆ?"

ಅಂಗಡಿಯ ಗಾಜಿನ ಮೇಲೆ ಬೆರಳೊತ್ತಿ ಗಟ್ಟಿಯದು ಆರಿಸುವಾಗ ಭಾನುವಾರ ಸಂಜೆಗೆ ಆಟ ಮುಗಿದುಹೋಗಬಹುದು ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬಾಯಲ್ಲಿ ಅಟ್ಟ ಅಟ್ಟ ಅಂತ ಬಡಿದುಕೊಂಡವಳು ನಾನು, ಒಳಗೆ ಅವಳನ್ನು ಇನ್ನೂ ಆರು ತಿಂಗಳು ಆಡಲು ಬಿಟ್ಟವಳೂ ನಾನೇ. ಕಣ್ಣು ತುಂಬಿ ಬಂತು. ಅವಳು ಹೋಗಿ ಮತ್ತೆ ಮೇಜಿನ ಮುಂದೆ ನಿಂತಳು.

ಅಲ್ಲಿಂದ ಅವಳು ಜಾರಲಿಲ್ಲ. ಪ್ರತಿ ಹೊಡೆತಕ್ಕೂ ಚಾಕ್ ಹಚ್ಚಿದಳು, ಆ ಗಟ್ಟಿ ಟಿಪ್ಪಿನ ಹಟವನ್ನು ಒಂದೊಂದೇ ಹೊಡೆತದಲ್ಲಿ ಕಲಿತುಕೊಂಡಳು. ಸತತ ಮೂರು ಆಟ ಗೆದ್ದಳು. ಆದರೆ ಎದುರಿನ ಹುಡುಗಿಯೂ ಚೆನ್ನಾಗಿ ಆಡಿದಳು, ಮಿಕ್ಕ ಮೂರನ್ನೂ ಅವಳೇ ತೆಗೆದುಕೊಂಡಳು. ಐದು–ಮೂರು. ಮಗಳು ಅವಳ ಕೈ ಕುಲುಕಿ, ಕೋಲಿನ ತುದಿ ಒರೆಸಿ, ಚೀಲಕ್ಕೆ ಹಾಕಿ ಜಿಪ್ ಎಳೆದಳು.

ವಾಪಸ್ ರೈಲು ಏಲೂರು ದಾಟಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಏನೆಂದು ಕ್ಷಮೆ ಕೇಳುವುದು? ನಮ್ಮ ಮನೆಯಲ್ಲಿ ಅದರ ಅಭ್ಯಾಸವೂ ಇಲ್ಲ. ಕೊನೆಗೆ ಬಾಯಿಗೆ ಬಂದದ್ದು ನಮ್ಮ ತವರಿನ ಮಾತೇ.

"ಬಾಳಿಕೆ ಇರೋ ಸಾಮಾನನ್ನ ಅಟ್ಟಕ್ಕೆ ಹಾಕೋದು ನಮ್ಮನೇಲಿ ಇಲ್ಲ. ಆ ಟಿಪ್ ಸವೆಯೋವರೆಗೂ ಆಡು. ಆಮೇಲೆ ನೋಡೋಣ."

ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ನಾನ್ನಕಿ ನುವ್ವೇ ಚೆಪ್ಪು" ಅಂದಳು. ಅಪ್ಪನಿಗೆ ನೀನೇ ಹೇಳು. ಹೇಳಿದೆ. ಫೋನಿನ ಆ ತುದಿಯಲ್ಲಿ ಯಜಮಾನರು, "ಗಟ್ಟಿದು ಹಾಕಿಸಿ ಒಳ್ಳೇದೇ ಮಾಡ್ದೆ ಬಿಡು" ಅಂದರು.

ಈಗ ಐದನೇ ತಿಂಗಳು. ಆಡಿ ಬಂದ ದಿನ ಅವಳು ಮಂಚದ ಮೇಲೆ ಕೂತು ಅದೇ ಉಪ್ಪುಕಾಗದದಲ್ಲಿ ಟಿಪ್ ಉಜ್ಜುತ್ತಾಳೆ. ಆ ಸದ್ದು ಅಡುಗೆಮನೆಗೆ ಕೇಳಿದರೆ ಸಾಕು, ನನ್ನ ಕೈಯಲ್ಲಿ ಸೌಟು ನಿಲ್ಲುತ್ತದೆ. ಬಾಗಿಲಿಗೆ ಬಂದು ಹೇಳುತ್ತೇನೆ, "ಮೆಲ್ಲಗೆ ಉಜ್ಜೇ, ಸವೆದುಹೋಗುತ್ತೆ."