ಮಂಡಕ್ಕಿ ಭಟ್ಟಿಯ ಬಿಳಿ ಬೂದಿ

ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಎಲ್ಲರಿಗೂ ಹೊಸ ರಸ್ತೆಯ ಹುಚ್ಚು. ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು, ರಸ್ತೆ ಕಾಂಕ್ರೀಟಿನಲ್ಲಿ ಹತ್ತರಲ್ಲಿ ಒಂದು ಪಾಲು ಸಿಮೆಂಟು ತೆಗೆದು ಭತ್ತದ ಹೊಟ್ಟಿನ ಬೂದಿ ಹಾಕುವುದು. ಗಟ್ಟಿಯಾದರೆ ಪಾಸು, ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಬೆಂಚು ಎಂದು ಸರ್ ಹೇಳಿದ್ದರು.

ಬೆಟಗೇರಿಯ ಮಂಡಕ್ಕಿ ಭಟ್ಟಿಯಲ್ಲಿ ಹೊಟ್ಟೇ ಉರುವಲು. ಭಟ್ಟಿ ನಡೆಸುವ ಚಾಚಿ ಕೇಳಿದ ಕೂಡಲೇ ಕೊಟ್ಟಳು. ಡೈರಿಯಲ್ಲಿ ಬರೆದೆ: ಸೋಮವಾರ, ಚೀಲ ಎರಡು, ಬಣ್ಣ ಕಪ್ಪು, ಚಹಾ ಒಂದು.

ಲಕ್ಷ್ಮೇಶ್ವರ ದಾರಿಯ ನಮ್ಮ ಕಾಲೇಜಿಗೆ ಬಸ್ಸಿನಲ್ಲಿ ಒಯ್ದೆ. ಕಂಡಕ್ಟರ್ ಚೀಲ ಮುಟ್ಟಿ ನೋಡಿದ.

"ಏನೈತವ್ವಾ ಇದರಾಗ?"

"ಬೂದಿರಿ."

ಅವನು ಟೊಪ್ಪಿಗೆ ತೆಗೆದ. "ಯಾರು ಹೋದ್ರವ್ವಾ?"

"ಯಾರೂ ಇಲ್ರಿ, ಮಂಡಕ್ಕಿ ಭಟ್ಟೀದು."

ಟೊಪ್ಪಿಗೆ ಹಾಕಿಕೊಂಡು ಎರಡು ಲಗೇಜು ಚೀಟಿ ಹರಿದ.

ಬೂದಿ ಬೆರೆಸಿದ ಒಂಬತ್ತು ಕಾಂಕ್ರೀಟ್ ಕ್ಯೂಬು ಎರೆದು ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟೆ. ಯಂತ್ರದಲ್ಲಿ ಒತ್ತಿದಾಗ ಒಂಬತ್ತೂ ಬರೀ ಸಿಮೆಂಟಿನ ಕ್ಯೂಬಿಗಿಂತ ಮೊದಲೇ ಬಾಯಿಬಿಟ್ಟವು. "ಇನ್ನೊಂದ ಸಲ ಮಾಡು. ಅದೇ ಕಡೇದು," ಎಂದರು ಸರ್.

ಸಪ್ಪೆ ಮುಖ ಹೊತ್ತು ಭಟ್ಟಿಗೆ ಹೋದೆ. ಚಾಚಿ ನಕ್ಕಳು.

"ಕರೇ ಬೂದಿ ಪೂರಾ ಸುಟ್ಟಿರೂದಿಲ್ಲ, ಹುಡುಗಿ. ಪಾತ್ರಿಗೇ ನಡಿಯೂದಿಲ್ಲ, ರಸ್ತಾಕ್ಕ ಹೆಂಗ ನಡದೀತು? ನಿಮ್ಮವ್ವ ಪಾತ್ರಿ ತಿಕ್ಕಾಕ ಕಲಿಸಿಲ್ಲೇನು?"

"ಮತ್ತ ಬಿಳೇದು ಯಾಕ ಕೊಡಲಿಲ್ರಿ?"

"ಬಿಳೇದು ಓಣಿ ಹೆಣ್ಮಕ್ಕಳದು. ಅವರ ಜೋಡಿ ಜಗಳಾ ಯಾರು ಮಾಡವರು? ನೀ ಬರೇ ಬೂದಿ ಅಂದಿ, ಕೊಟ್ಟೆ."

ಹಿತ್ತಲಿಗೆ ಹೋಗಿ ನೋಡಿದೆ. ಐವರು ಡಬ್ಬಿ ಹಿಡಿದು ನಿಂತಿದ್ದರು. ಒಬ್ಬಾಕೆ ಬೂದಿಯನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ತಲೆಯಾಡಿಸಿ ಡಬ್ಬಿಗೆ ಸುರಿದುಕೊಂಡಳು. ಅಷ್ಟು ಕಟ್ಟುನಿಟ್ಟಾದ ಪರೀಕ್ಷೆ ನಮ್ಮ ಪ್ರಯೋಗಶಾಲೆಯಲ್ಲಿ ಇರಲಿಲ್ಲ. ಕೊನೆಗೆ ಒಪ್ಪಂದವಾಯಿತು: ಐದೂ ಮನೆಗೆ ನಾನು ಪಾತ್ರೆ ತಿಕ್ಕುವ ಪುಡಿ ಕೊಡಬೇಕು, ನಾನು ಪಾಸಾಗುವ ತನಕ ಬಿಳಿ ಬೂದಿಯೆಲ್ಲ ನನಗೆ.

ಈ ಸಲ ಒಂಬತ್ತೂ ಕ್ಯೂಬುಗಳು ಸಿಮೆಂಟಿಗೆ ಸಮನಾಗಿ ನಿಂತವು. ಕಾಲೇಜಿನ ಹಿಂಬಾಗಿಲಲ್ಲಿ ಇಪ್ಪತ್ತು ಹೆಜ್ಜೆ ರಸ್ತೆಯನ್ನೂ ಹಾಕಿಸಿದೆವು. ಪಾಸಾದ ದಿನ ಪೇಢೆ ಒಯ್ದೆ. ಚಾಚಿ ಒಂದನ್ನು ಬಾಯಿಗಿಟ್ಟು, ಮಂಕಾದ ಊಟದ ಗಂಗಾಳವನ್ನು ನನ್ನೆದುರು ಹಿಡಿದಳು.

"ನಿನ್ನ ರಸ್ತಾ ಗಟ್ಟಿ ಆತು, ಖರೆ. ನಿನ್ನ ಪುಡಿಗೆ ಗಂಗಾಳ ಮಿಂಚವಲ್ದು. ಓಣಿಯವರು ನನ್ನ ಜೀವಾ ತಿನ್ನಾಕತ್ತಾರ. ಬಿಳೇ ಬೂದಿ ಉಳಿದದ್ದಿದ್ರ ಜಲ್ದಿ ತಂದು ಕೊಡು."

ಕಾಲೇಜಿನಲ್ಲಿ ಅರ್ಧ ಚೀಲ ಉಳಿದಿತ್ತು. ಮರುದಿನ ಭಟ್ಟಿಗೆ ವಾಪಸು ಒಯ್ಯುವಾಗ ಅದೇ ಬಸ್ಸು, ಅದೇ ಕಂಡಕ್ಟರ್. ಚೀಲ ನೋಡಿ ಹುಬ್ಬು ಹಾರಿಸಿದ.

"ಯಾಕವ್ವಾ, ಹೋದವರು ತಿರುಗಿ ಬಂದ್ರೇನು?"